ಯಾವ ಬೆಟ್ಟದ ಮೇಲೆ ದೇವರು?

1920ರಲ್ಲಿ ಸಿರಿಯಾದ ಯೂಫ್ರೆಟಿಸ್ ನದಿಯ ದಂಡೆಯಲ್ಲಿ ಬ್ರಿಟಿಷ್ ಸೇನೆಯ ಭಾರತೀಯ ಸಿಪಾಯಿಗಳು ಕಂದಕ ತೋಡುತ್ತಿದ್ದಾಗ ಮಣ್ಣಿನೊಳಗೆ ಬಣ್ಣದ ಚಿತ್ರಗಳಿದ್ದ ಗೋಡೆ ಕಂಡಿತು. ಹೀಗೆ ಮತ್ತೆ ಬೆಳಕಿಗೆ ಬಂದ ಊರು ದುರಾ-ಯುರೋಪಸ್. ಮುಂದೆ ಯೇಲ್ ವಿಶ್ವವಿದ್ಯಾಲಯದವರೂ ಫ್ರೆಂಚ್ ವಿದ್ವಾಂಸರೂ ಸೇರಿ ಅಲ್ಲಿ ಉತ್ಖನನ ನಡೆಸಿದರು. 1932ರಲ್ಲಿ ಕೋಟೆಗೋಡೆಯ ಪಕ್ಕದ ಬೀದಿಯಲ್ಲಿ ಒಂದು ಮನೆ ಸಿಕ್ಕಿತು.

ನಡುವೆ ಅಂಗಳ, ಸುತ್ತ ಕೋಣೆಗಳು. ನಮ್ಮ ತೊಟ್ಟಿಮನೆಯನ್ನು ನೆನಪಿಸುವ ಕಟ್ಟಡ. ಕ್ರಿ.ಶ. 240ರ ಸುಮಾರಿಗೆ ಅದರ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ದೊಡ್ಡ ಹಜಾರ ಮಾಡಿದ್ದರು. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನಕ್ಕೆಂದು ತೊಟ್ಟಿ ಕಟ್ಟಿ, ಗೋಡೆಗಳಿಗೆ ಚಿತ್ರ ಬರೆಸಿದ್ದರು. ಇದುವರೆಗೆ ಗುರುತಿಸಲಾದ ಕ್ರೈಸ್ತ ಆರಾಧನಾ ಸ್ಥಳಗಳಲ್ಲಿ ಅತ್ಯಂತ ಹಳೆಯದು ಈ ಮನೆಯೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇದಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ. ಬೀದಿಯಲ್ಲಿ ನಿಂತು ನೋಡಿದವರಿಗೆ ಇದೂ ಒಂದು ಮನೆ, ಅಷ್ಟೆ.

ಭಯದಿಂದ ಹೀಗೆ ಮರೆಯಲ್ಲಿ ಸೇರುತ್ತಿದ್ದರು ಎಂದು ನಮಗೆ ಥಟ್ಟನೆ ಅನಿಸಬಹುದು. ಆದರೆ ಅದೇ ಕೋಟೆಗೋಡೆಯ ಉದ್ದಕ್ಕೆ, ಸ್ವಲ್ಪ ದೂರದಲ್ಲಿ, ಯೆಹೂದ್ಯರ ಪ್ರಾರ್ಥನಾ ಮಂದಿರವೂ ಇತ್ತು. ಅದೂ ಮನೆಯಿಂದ ಮಾರ್ಪಟ್ಟದ್ದೇ. ಮೊದಲ ತಲೆಮಾರಿನ ಕ್ರೈಸ್ತರು ಯೆರೂಸಲೇಮಿನ ದೇವಾಲಯಕ್ಕೂ ಹೋಗುತ್ತಿದ್ದರು, ರೊಟ್ಟಿ ಮುರಿಯಲು ಮನೆಗಳಲ್ಲೂ ಸೇರುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಆ ದೇವಾಲಯವನ್ನು ಸುಟ್ಟು ಕೆಡವಿತು. ಮನೆಗಳು ಉಳಿದವು. ಪೌಲನ ಪತ್ರಗಳಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುವ ಸಭೆಯ ಪ್ರಸ್ತಾಪ ಬರುತ್ತದೆ. ಇವರು ಗುಡಾರ ಮಾಡುವ ಕಸುಬಿನವರು. ರೋಮಿನಿಂದ ಹೊರದಬ್ಬಿಸಿಕೊಂಡು ಕೊರಿಂಥಕ್ಕೆ, ಅಲ್ಲಿಂದ ಎಫೆಸಕ್ಕೆ ಹೋದವರು. ಊರು ಬದಲಾದಂತೆ ಸಭೆಯೂ ಅವರ ಹೊಸ ಮನೆಯಲ್ಲಿ ಸೇರಿತು.

ದುರಾದ ಆ ಸ್ನಾನದ ಕೋಣೆಯ ಗೋಡೆಯಲ್ಲಿ ಬಾವಿಯ ಬಳಿ ಬಾಗಿ ನಿಂತ ಒಬ್ಬ ಹೆಂಗಸಿದ್ದಾಳೆ. ಈಕೆ ಯೇಸುವಿನ ತಾಯಿ ಮರಿಯಳೆಂದು ಈಚೆಗೆ ಕೆಲವರು ವಾದಿಸಿದ್ದಾರೆ. ಆದರೆ ಬಹುಕಾಲದಿಂದ ಆಕೆಯನ್ನು ಸಮಾರ್ಯದ ಸ್ತ್ರೀ ಎಂದೇ ಗುರುತಿಸಲಾಗಿದೆ. ಯೋಹಾನನ ಸುವಾರ್ತೆಯಲ್ಲಿ ಆಕೆ ಯೇಸುವಿನ ಮುಂದೆ ತನ್ನ ಕಾಲದ ದೊಡ್ಡ ಜಗಳವನ್ನೇ ಇಡುತ್ತಾಳೆ. ನಮ್ಮ ಹಿರಿಯರು ಆರಾಧಿಸಿದ್ದು ಈ ಬೆಟ್ಟದ ಮೇಲೆ, ನೀವು ಯೆರೂಸಲೇಮಿನಲ್ಲೇ ಆಗಬೇಕೆನ್ನುತ್ತೀರಿ, ಯಾವುದು ಸರಿ? ಇಲ್ಲೂ ಅಲ್ಲ, ಅಲ್ಲೂ ಅಲ್ಲ ಎನ್ನುವ ಕಾಲ ಬರುತ್ತದೆ ಎಂಬ ಅರ್ಥದ ಉತ್ತರ ಸಿಗುತ್ತದೆ. ಆ ಚಿತ್ರ ಆಕೆಯದೇ ಆಗಿದ್ದರೆ, ಪಕ್ಕದ ಹಜಾರದಲ್ಲಿ ಸೇರುತ್ತಿದ್ದವರಿಗೆ ಅವಳು ಸರಿಯಾದ ನೆರೆಯವಳು.

ಆದರೆ ಉತ್ತರ ಅಲ್ಲಿಗೇ ನಿಲ್ಲಲಿಲ್ಲ. ನೂರು ವರ್ಷ ಕಳೆಯುವುದರೊಳಗೆ ಚಕ್ರವರ್ತಿ ಕಾನ್‌ಸ್ಟಂಟೈನ್ ಯೇಸುವಿನ ಸಮಾಧಿಯೆಂದು ನಂಬಿದ ಜಾಗದಲ್ಲಿ ಭವ್ಯ ಮಂದಿರ ಕಟ್ಟಿಸಿದ. 335ರಲ್ಲಿ ಅದರ ಪ್ರತಿಷ್ಠಾಪನೆ ನಡೆಯಿತು. ಜನ ದೂರದೂರದಿಂದ ಯಾತ್ರೆ ಬಂದರು. ಅದೇ ಶತಮಾನದಲ್ಲಿ ನೀಸಾದ ಗ್ರೆಗರಿ ಎಂಬ ಬಿಷಪ್, ಸ್ವತಃ ಯೆರೂಸಲೇಮಿಗೆ ಹೋಗಿ ಬಂದವನು, ಜಾಗ ಬದಲಿಸಿದ ಮಾತ್ರಕ್ಕೆ ದೇವರು ಹತ್ತಿರವಾಗುವುದಿಲ್ಲ ಎಂಬ ಅಭಿಪ್ರಾಯವನ್ನು ಪತ್ರದಲ್ಲಿ ಬರೆದ. ಯಾತ್ರೆಯೇನೂ ನಿಲ್ಲಲಿಲ್ಲ. ಮನುಷ್ಯನಿಗೆ ಕೈಯಿಂದ ಮುಟ್ಟಲು, ಮೊಣಕಾಲೂರಲು ಒಂದು ಕಲ್ಲು ಬೇಕು. ಅದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭವಲ್ಲ.

ಈ ಎಳೆದಾಟ ನಮ್ಮ ಮಾತಿನಲ್ಲೂ ಇದೆ. ಗ್ರೀಕಿನ ‘ಎಕ್ಲೇಸಿಯ’ ಎಂದರೆ ಕೂಡಿದ ಜನ. ಕನ್ನಡ ಬೈಬಲ್ ಅದನ್ನು ‘ಸಭೆ’ ಎಂದಿತು. ಅದೇ ಗ್ರೀಕ್ ಪದ ಲ್ಯಾಟಿನ್, ಪೋರ್ಚುಗೀಸ್ ದಾಟಿ ಕರಾವಳಿಗೆ ಬಂದಾಗ ‘ಇಗರ್ಜಿ’ಯಾಯಿತು, ಅದನ್ನು ಕೇಳಿದೊಡನೆ ನಮ್ಮ ಕಣ್ಣಿಗೆ ಬರುವುದು ಕಟ್ಟಡ. ಒಂದೇ ಪದದ ಒಂದು ಕವಲು ಜನರ ಕಡೆಗೆ, ಇನ್ನೊಂದು ಕಲ್ಲಿನ ಕಡೆಗೆ.

ದುರಾದ ಮನೆ ಆರಾಧನಾ ಸ್ಥಳವಾಗಿ ಬಾಳಿದ್ದು ಹದಿನೈದು ವರ್ಷದಷ್ಟು. 256ರ ಸುಮಾರಿಗೆ ಪರ್ಷಿಯಾದ ಸಸಾನಿಯರು ದಂಡೆತ್ತಿ ಬಂದರು. ಕೋಟೆಗೋಡೆ ಗಟ್ಟಿಮಾಡಲು ರೋಮನ್ನರು ಪಕ್ಕದ ಮನೆಗಳಿಗೆಲ್ಲ ಮಣ್ಣು ತುಂಬಿದರು. ಊರು ಬಿತ್ತು, ಮಣ್ಣಿನಡಿಯ ಚಿತ್ರಗಳು ಉಳಿದವು. ಬಾವಿಯ ಬಳಿಯ ಹೆಂಗಸು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾ ಗ್ಯಾಲರಿಯಲ್ಲಿದ್ದಾಳೆ. ಅವಳಿದ್ದ ಊರಿನ ಅವಶೇಷಗಳು ಸಿರಿಯಾದ ಅಂತರ್ಯುದ್ಧದಲ್ಲಿ ಲೂಟಿಯಾದವು. ಅಲ್ಲಿ ಕೂಡುತ್ತಿದ್ದವರು ಮುಂದೆ ಎಲ್ಲಿಗೆ ಹೋದರೋ, ಯಾರ ಮನೆಯಲ್ಲಿ ಮತ್ತೆ ಸೇರಿದರೋ, ಚರಿತ್ರೆ ಬರೆದಿಟ್ಟಿಲ್ಲ.