ಮಕ್ಕಾದಿಂದ ಮದೀನಾಕ್ಕೆ ಎಷ್ಟು ದೂರ?

ಮಕ್ಕಾದಿಂದ ಮದೀನಾಕ್ಕೆ ಆಕಾಶಮಾರ್ಗದಲ್ಲಿ ಅಳೆದರೆ ಸುಮಾರು 340 ಕಿಲೋಮೀಟರ್. ಮಕ್ಕಾದಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ಯಾತ್ರಿಕರು ಜಿದ್ದಾಕ್ಕೆ ಬಂದು ವಿಮಾನವೇರಬೇಕು. ಅಲ್ಲಿಂದ ಹಾರಾಟ ಸುಮಾರು ಒಂದು ಗಂಟೆ. 2018ರಲ್ಲಿ ಆರಂಭವಾದ ಹರಮೈನ್ ರೈಲು ಜಿದ್ದಾವನ್ನು ಬಳಸಿಕೊಂಡು ಸುಮಾರು 450 ಕಿಲೋಮೀಟರ್ ಹಾದಿಯನ್ನು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತದೆ. ಉಮ್ರಾಕ್ಕೆ ಹೊರಡುವ ನಮ್ಮ ಕುಟುಂಬಗಳು ಮೊದಲು ವಿಚಾರಿಸುವುದೂ ಇದನ್ನೇ. ಅದರಲ್ಲಿ ತಪ್ಪೇನಿಲ್ಲ, ವೃದ್ಧರೂ ಮಕ್ಕಳೂ ಜೊತೆಗಿರುತ್ತಾರೆ. ಆದರೆ ಈ ಎರಡು ನಗರಗಳ ಅಂತರಕ್ಕೆ ಚರಿತ್ರೆಯಲ್ಲಿ ಬೇರೊಂದು ಲೆಕ್ಕವೂ ಇದೆ.

ಕ್ರಿ.ಶ. 622ರಲ್ಲಿ ಪ್ರವಾದಿವರ್ಯರು(ಸ) ಮತ್ತು ಹ. ಅಬೂಬಕರ್(ರ) ಮಕ್ಕಾದಿಂದ ಹೊರಟಾಗ ಮೊದಲು ನಡೆದದ್ದು ಮದೀನಾದ ದಿಕ್ಕಿಗಲ್ಲ. ಮದೀನಾ ಇರುವುದು ಉತ್ತರಕ್ಕೆ. ಅವರು ಹೋದದ್ದು ದಕ್ಷಿಣದ ಸೌರ್ ಬೆಟ್ಟಕ್ಕೆ. ಅಲ್ಲಿನ ಗುಹೆಯಲ್ಲಿ ಮೂರು ರಾತ್ರಿ ಕಳೆದರು. ಹ. ಅಸ್ಮಾ(ರ) ತಮ್ಮ ನಡುಪಟ್ಟಿಯನ್ನೇ ಸೀಳಿ ಬುತ್ತಿಯನ್ನು ಕಟ್ಟಿಕೊಟ್ಟರು. ದಾರಿ ತೋರಿದ ಅಬ್ದುಲ್ಲಾ ಬಿನ್ ಉರೈಖಿತ್ ಆಗಿನ್ನೂ ಖುರೈಶರ ಧರ್ಮದಲ್ಲಿದ್ದವನು. ಹಿಡಿದುಕೊಟ್ಟವರಿಗೆ 100 ಒಂಟೆಗಳ ಬಹುಮಾನ ಘೋಷಣೆಯಾಗಿದ್ದಾಗಲೂ ಅವನು ನಂಬಿಕೆದ್ರೋಹ ಮಾಡಲಿಲ್ಲ. ಹಿಜ್ರಾದ ಕಥನದಲ್ಲಿ ಈತನಿಗೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲವೆಂದೇ ನಮ್ಮ ಭಾವನೆ. ಜನರು ಓಡಾಡುವ ದಾರಿಯನ್ನು ಬಿಟ್ಟು, ಕರಾವಳಿಯ ಕಡೆಯಿಂದ ಸುತ್ತಿಸಿ, ಸುಮಾರು ಎಂಟು ದಿನಗಳಲ್ಲಿ ಅವನು ಅವರನ್ನು ಕುಬಾಕ್ಕೆ ತಲುಪಿಸಿದನು.

ಹೋಗುವ ದಾರಿ ಎಂಟು ದಿನದ್ದಾದರೆ, ಮರಳುವ ದಾರಿ ಎಂಟು ವರ್ಷದ್ದಾಯಿತು. ಮದೀನಾ ಸೇರಿದ ಹೊಸತರಲ್ಲಿ ಜ್ವರಪೀಡಿತರಾಗಿ ಮಲಗಿದ್ದ ಹ. ಬಿಲಾಲ್(ರ), ಮಕ್ಕಾದ ಕಣಿವೆಯನ್ನೂ ಅಲ್ಲಿನ ಹುಲ್ಲಿನ ಪರಿಮಳವನ್ನೂ ನೆನೆದು ಹಂಬಲಿಸುತ್ತಿದ್ದರು. ಯಾವ ನಗರದ ಸುಡುಮರಳಿನ ಮೇಲೆ ಅವರ ಎದೆಗೆ ಬಂಡೆ ಹೇರಲಾಗಿತ್ತೋ ಅದೇ ನಗರಕ್ಕಾಗಿ ಈ ಹಂಬಲ! ಮಕ್ಕಾವನ್ನು ಪ್ರೀತಿಸುವಂತೆ ಮದೀನಾವನ್ನೂ ಪ್ರೀತಿಸುವ ಮನಸ್ಸು ಕೊಡೆಂದು ಪ್ರವಾದಿವರ್ಯರು(ಸ) ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಹಿಜರಿ 6ರಲ್ಲಿ ಸುಮಾರು 1400 ಮಂದಿ ಇಹ್ರಾಮ್ ಧರಿಸಿ ಹುದೈಬಿಯಾದವರೆಗೆ ಬಂದರು. ಕಅಬಾ ಇನ್ನು ಇಪ್ಪತ್ತು ಕಿಲೋಮೀಟರ್‌ನಷ್ಟು ದೂರವಿತ್ತು. ಅಲ್ಲಿಯೇ ಬಲಿಯರ್ಪಿಸಿ, ತಲೆ ಬೋಳಿಸಿ ಹಿಂದಿರುಗಿದರು.

ಹಿಜರಿ 8ರಲ್ಲಿ ಮಕ್ಕಾದ ಬಾಗಿಲು ತೆರೆಯಿತು. ಹುಟ್ಟೂರು ಕೈಗೆ ಬಂದ ಮೇಲೂ ಪ್ರವಾದಿವರ್ಯರು(ಸ) ಅಲ್ಲಿ ನೆಲೆಸದೆ, ಆಶ್ರಯವಿತ್ತ ಅನ್ಸಾರ್‌ಗಳ ಊರಿಗೇ ಮರಳಿದರು. ಹಜ್ಜ್‌ನ ಕರ್ಮಗಳು ಮುಗಿದ ಬಳಿಕ ಮುಹಾಜಿರ್‌ಗಳಿಗೆ ಮಕ್ಕಾದಲ್ಲಿ ಉಳಿಯಲು ಅನುಮತಿಯಿದ್ದದ್ದು ಮೂರೇ ದಿನ. ಅಲ್ಲಾಹನಿಗಾಗಿ ಬಿಟ್ಟ ಮನೆಯನ್ನು ಅವರು ಮತ್ತೆ ಮನೆ ಮಾಡಿಕೊಳ್ಳುವಂತಿರಲಿಲ್ಲ.

ವಿದಾಯ ಹಜ್ಜ್‌ನ ಸಂದರ್ಭದಲ್ಲಿ ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರ ಕಾಯಿಲೆಗೆ ಬಿದ್ದರು. ಪ್ರವಾದಿವರ್ಯರು(ಸ) ನೋಡಲು ಬಂದಾಗ ತಮ್ಮ ಆಸ್ತಿಯ ಬಗ್ಗೆ, ಒಬ್ಬಳೇ ಮಗಳ ಬಗ್ಗೆ ಅವರು ಮಾತನಾಡಿದರು. ಅವರನ್ನು ಇನ್ನೊಂದು ಭಯವೂ ಕಾಡುತ್ತಿತ್ತು: ಹಿಜ್ರಾ ಮಾಡಿ ಬಿಟ್ಟುಹೋದ ನೆಲದಲ್ಲಿಯೇ ಸಾವು ಬಂದುಬಿಟ್ಟರೆ? ಇಂದು ಆ ನೆಲದಲ್ಲಿ ಕೊನೆಯುಸಿರು ಸಿಗಲೆಂದು ದುಆ ಮಾಡುವ ನಮಗೆ ಈ ಭಯ ತಟ್ಟನೆ ಅರ್ಥವಾಗಲಾರದು. ಪ್ರವಾದಿವರ್ಯರು(ಸ) ಅವರ ಶಿಫಾಕ್ಕಾಗಿಯೂ ಹಿಜ್ರಾ ಪೂರ್ಣವಾಗಲೆಂದೂ ಪ್ರಾರ್ಥಿಸಿದರು. ಸಅದ್(ರ) ಗುಣಮುಖರಾದರು, ಕಾದಿಸಿಯ್ಯಾದಲ್ಲಿ ಸೇನೆಯನ್ನು ಮುನ್ನಡೆಸಿದರು, ದಶಕಗಳ ಕಾಲ ಬದುಕಿದರು. ಅವರು ನಿಧನರಾದದ್ದು ಮದೀನಾದ ಹೊರವಲಯದ ಅಕೀಕ್‌ನಲ್ಲಿ. ಜನರು ಅವರನ್ನು ಹೆಗಲ ಮೇಲೆ ಹೊತ್ತು ಮದೀನಾಕ್ಕೆ ತಂದು, ಬಕೀಅ್‌ನಲ್ಲಿ ದಫನ ಮಾಡಿದರು.