ಪದದ ಹಿಂದೆ ಬಿದ್ದಾಗ – 6: ಅಬ್ಜ

ಹೂವೂ ಹೌದು, ಸಮುದ್ರದ ಜೀವಿಯೂ ಹೌದು, ನೂರು ಕೋಟಿಯೂ ಹೌದು. ಯಾವ ಪದ ಹೇಳಿ ನೋಡೋಣ?

ಅಬ್ಜ.

ಸಂಸ್ಕೃತದಲ್ಲಿ ‘ಅಪ್’ ಅಂದ್ರೆ ನೀರು, ‘ಜ’ ಅಂದ್ರೆ ಹುಟ್ಟಿದ್ದು. ಕೆರೆಯ ತಾವರೆ ಅಬ್ಜ, ಕಡಲಿನ ಶಂಖವೂ ಅಬ್ಜ. (ಶಂಖ ಬರೀ ಊದೋ ಚಿಪ್ಪಲ್ಲ, ಅದು ಬಸವನಹುಳು ಜಾತಿಯ ಜೀವಿಯ ಮನೆ.) ಸಮುದ್ರಮಥನದಲ್ಲಿ ಎದ್ದು ಬಂದ ಚಂದ್ರನೂ ಅಬ್ಜ! ನಮ್ಮ ಹಳೆಯ ಕವಿಗಳಿಗೆ ತಾವರೆಯೇ ಹೆಚ್ಚು ಇಷ್ಟ: ಬ್ರಹ್ಮ ಅಬ್ಜಭವ, ತಾವರೆಮೊಗದವಳು ಅಬ್ಜಮುಖಿ.

ಲೆಕ್ಕದವರು ಬಿಡ್ತಾರಾ? 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ 24 ಸ್ಥಾನಗಳಿಗೆ ಹೆಸರು ಕೊಡುತ್ತೆ. 15ನೆಯದು ಪದ್ಮ, 19ನೆಯದು ಶಂಖ. ಮತ್ತೆ ಅದೇ ಹೂವು, ಅದೇ ಚಿಪ್ಪು! 1150ರಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಒಂದರ ಮುಂದೆ 9 ಸೊನ್ನೆ ಇದ್ದರೆ ಅದನ್ನ ಅಬ್ಜ ಅಂದ್ರು.

ಅಂದ್ರೆ ಒಂದು ಬಿಲಿಯನ್.

ಫಸ್ಟ್ ಸೆಮ್‌ನಲ್ಲಿ ‘ಬಿಲಿಯನ್ ಅಂದ್ರೆ ಎಷ್ಟು ಕೋಟಿ?’ ಅಂತ ಕೇಳಿದಾಗ ತಲೆ ತಗ್ಗಿಸಿ ನಿಂತಿದ್ದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಇದೆಲ್ಲ ಆಗಲ್ಲ ಅನ್ಕೊಂಡಿದ್ದೆ. ನೂರು ಕೋಟಿ ನನಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಇಂಗ್ಲಿಷ್ ಹೆಸರು ಮಾತ್ರ.

ಈಗ ಎಲೆಕ್ಟ್ರಾನಿಕ್ ಸಿಟಿ ಬಸ್ಸಲ್ಲಿ ಯಾರಾದ್ರೂ ‘ಬಿಲಿಯನ್ ಡಾಲರ್ ಕಂಪನಿ’ ಅಂದ್ರೆ ಮನಸಲ್ಲೇ ‘ಅಬ್ಜ’ ಅಂತೀನಿ, ಒಂದು ತಾವರೆ ಕಾಣುತ್ತೆ.

ನಿಮ್ಮ ಕ್ಲಾಸಲ್ಲೂ ಹಾಗೆ ತಲೆ ತಗ್ಗಿಸಿ ಕೂತವರಿದ್ರೆ, ಇದನ್ನ ಅವರಿಗೆ ಕಳಿಸಿ.

#ಪದದಹಿಂದೆ #ಅಬ್ಜ