ಎರಡು ಗೆರೆಗಳ ನಡುವಿನ ಸೊರಬ

ಸೊರಬದ ಕಡೆಯ ಟೋಪೋಶೀಟ್ ಬಿಡಿಸಿ ನೋಡಿ. ಚಂದ್ರಗುತ್ತಿ ಗುಡ್ಡದಲ್ಲಿ ಕಂದು ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ವರದಾ, ದಂಡಾವತಿ ಬದಿಯ ಗದ್ದೆಬಯಲಿಗೆ ಇಳಿದರೆ ಗೆರೆಗಳೇ ಅಪರೂಪ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದು ಗೆರೆ (ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ದೆವಲ್ಲ, ಅದೇ). ನಮ್ಮ ಕೆರೆ ಏರಿಗಳು ಅಷ್ಟೆತ್ತರ ಎಲ್ಲಿರುತ್ತವೆ? ಕೆರೆ ನಂಬಿ ಬದುಕಿದ ಸೀಮೆಯ ಏರುತಗ್ಗೆಲ್ಲ ಎರಡು ಗೆರೆಗಳ ನಡುವೆ ಜಾರಿ ಹೋಗುತ್ತದೆ.

ಆ ನಡುವಿನ ಜಾಗ ತುಂಬುವುದು ಹೇಗೆ ಅನ್ನೋದು ಹಳೇ ತಲೆನೋವು. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಅಳೆಯುತ್ತಿದ್ದಾಗ, ಮೆಕೆಂಜಿ ಮೈಸೂರು ಸೀಮೆ ಸರ್ವೆ ಮಾಡಿಸುತ್ತಿದ್ದಾಗ, ನಕ್ಷೆಯಲ್ಲಿ ಗುಡ್ಡ ಅಂದರೆ ಸಾಮಾನ್ಯವಾಗಿ ಸಣ್ಣ ಗೀಟುಗಳು, ಇಲ್ಲವೇ ಕುಂಚದ ನೆರಳು. ಆದರೆ ಸ್ಕಾಟ್ಲೆಂಡಿನ ಶೀಹಾಲಿಯನ್ ಬೆಟ್ಟದಲ್ಲಿ 1774ರಲ್ಲಿ ಶುರುವಾದ ಅಳತೆಯ ಲೆಕ್ಕ ಹಾಕಲು ಕೂತ ಚಾರ್ಲ್ಸ್ ಹಟನ್, ರಾಶಿ ರಾಶಿ ಎತ್ತರದ ಅಂಕಿಗಳ ನಡುವೆ ಸಮ ಎತ್ತರದವನ್ನು ಗೆರೆಯಿಂದ ಜೋಡಿಸಿದ್ದ. ಅದಕ್ಕೂ ಮುಂಚೆ, 1584ರಲ್ಲೇ, ಹಾಲೆಂಡಿನ ಪೀಟರ್ ಬ್ರೌನ್ಸ್ ನದಿಯ ಸಮ ಆಳದ ಗೆರೆ ಬರೆದಿದ್ದ. ಅಂದರೆ ಈ ಗೆರೆ ಮೊದಲು ಬೆಟ್ಟದಲ್ಲಲ್ಲ, ನೀರಲ್ಲಿ ಕಾಣಿಸಿಕೊಂಡದ್ದು!

ಈಗ ಗೆರೆಯಿಂದ ನೆಲ ಕಟ್ಟುವ ಕೆಲಸ ಕಂಪ್ಯೂಟರಿನದು. ಹತ್ತಿರದ ಬಿಂದುವಿಗೆ ಹೆಚ್ಚು ತೂಕ ಕೊಡುವ ವಿಧಾನ (ಶೆಪರ್ಡ್, 1968) ಬಳಸಿದರೆ ಗುಡ್ಡ ಮೆಟ್ಟಿಲು ಮೆಟ್ಟಿಲಾಗುತ್ತದೆ. ತ್ರಿಕೋನ ಹೆಣೆದರೆ ಒಂದೇ ಗೆರೆಯ ಮೇಲೆ ಮೂರೂ ಮೂಲೆ ಕೂತು ಗುಡ್ಡದ ನೆತ್ತಿ ಕತ್ತರಿಸಿದ ಹಾಗೆ ಚಪ್ಪಟೆ, ಕಣಿವೆಯ ತಳವೂ ಚಪ್ಪಟೆ. 1989ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಹಚಿನ್ಸನ್ ಪ್ರಕಟಿಸಿದ ವಿಧಾನ ನನಗೆ ಇವುಗಳಲ್ಲೆಲ್ಲ ಹೆಚ್ಚು ಬುದ್ಧಿವಂತಿಕೆಯದು ಅನ್ನಿಸುತ್ತೆ. ನೀರು ಹರಿದು ಹೋಗಲೇಬೇಕು ಅನ್ನೋದೇ ಅದರ ನಿಯಮ. ದಾರಿಯಿಲ್ಲದ ತಗ್ಗು ಕಂಡರೆ ತಪ್ಪು ಅಂದುಕೊಂಡು ಅಳಿಸಿಬಿಡುತ್ತದೆ.

ಆದರೆ ನಮ್ಮಲ್ಲಿ ತಗ್ಗೇ ಕೆರೆ ಸ್ವಾಮಿ :-) ಪಕ್ಕದ ಶಿಕಾರಿಪುರದ ತಾಳಗುಂದದ ಕಂಬಶಾಸನ ಕದಂಬರ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಮಾತು ಹೇಳುತ್ತದೆ, ಸುಮಾರು 5ನೇ ಶತಮಾನದ್ದು. ಏರಿ ಎಲ್ಲಿ ಹಾಕಬೇಕು, ಕೋಡಿ ಎಲ್ಲಿ ಬಿಡಬೇಕು ಅಂತ ತಿಳಿಯದೆ ಕೆರೆ ನಿಲ್ಲೋದಿಲ್ಲ. ತುಂಬಿದ ಕೆರೆಯ ಅಂಚು ಅಂದರೆ ನೆಲದ ಮೇಲೆ ನೀರೇ ಬರೆದ ಸಮೋನ್ನತಿ ರೇಖೆ.

ಉಪಗ್ರಹ, ನೌಕೆ ಇವೆಯಲ್ಲ ಅನ್ನಬಹುದು. 2000ದ ಫೆಬ್ರವರಿಯಲ್ಲಿ ಅಮೆರಿಕದ ನೌಕೆ 11 ದಿನಗಳಲ್ಲಿ ರೇಡಾರ್‌ನಿಂದ ಭೂಮಿಯ ಬಹುಭಾಗ ಅಳೆಯಿತು. ಆದರೆ ದಟ್ಟ ಕಾಡು, ಅಡಿಕೆ ತೋಟ ಇದ್ದ ಕಡೆ ಅದು ಕಂಡದ್ದು ಮರದ ಮಂಡೆಯ ಹತ್ತಿರದ ಎತ್ತರ, ನೆಲದ್ದಲ್ಲ. ಮಲೆನಾಡಿನ ಅಂಚಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹಚಿನ್ಸನ್ ವಿಧಾನಕ್ಕೆ ಕೆರೆಯ ಅಂಚನ್ನು ಬೇರೆಯಾಗಿ ಕೊಡಬಹುದು. ಕೊಟ್ಟರೆ ಅದು ನೀರನ್ನು ಮಟ್ಟಸವಾಗಿ ಇಟ್ಟು, ಸುತ್ತಲ ನೆಲವನ್ನು ಮೇಲೆತ್ತುತ್ತದೆ. ಜೊತೆಗೆ ಪ್ರತಿ ಕೋಡಿಯ ಎತ್ತರ ಅಳೆದು ಬಿಂದುವಾಗಿ ಸೇರಿಸಿದರೆ 20 ಮೀಟರ್ ಗೆರೆಗಳ ನಡುವೆ ನಂಬಬಹುದಾದ ಅಂಕಿಗಳು ಸಿಗುತ್ತವೆ. ಒತ್ತುವರಿಯಾಗಿ, ಹೂಳು ತುಂಬಿ ಅಂಚೇ ಅಳಿಸಿಹೋದ ಕೆರೆಗಳಿಗೆ ಮಾತ್ರ ಹಳೇ ಸರ್ವೆ ಹಾಳೆಯನ್ನೇ ಹುಡುಕಬೇಕು.